ಹೇಸರಗತ್ತೆಗಳ ಬೆನ್ನಿಗಿದ್ದ ಕೊನೆಯ ಕಂತು

ನಾನು ಚಿತ್ರಗಳಿಗೆ ಕಟ್ಟು ಹಾಕುವವನು. ಹಾಗೆಂದು ಇದು ಕಟ್ಟುಕಥೆಯಲ್ಲ.

ಗೆಟಿಸ್‌ಬರ್ಗ್‌ನಲ್ಲಿ ಇಂಥ ಅಂಗಡಿ ಇಟ್ಟರೆ ಬರುವ ಗಿರಾಕಿಗಳು ಒಂದೇ ಜಾತಿ. ನೂರಹತ್ತು ವರ್ಷ ಹಳೆಯ ವಾರಪತ್ರಿಕೆಯ ನಡುಹಾಳೆಯನ್ನು ಎಳೆಗೂಸಿನಂತೆ ಎತ್ತಿಕೊಂಡು ಬರುತ್ತಾರೆ. ಮರದಚ್ಚಿನಲ್ಲಿ ಕೊರೆದು ಒತ್ತಿದ ಅಮೆರಿಕದ ಅಂತರ್ಯುದ್ಧದ ಕಾಳಗಗಳು: ಹೊಗೆ, ಕುದುರೆ, ಟೋಪಿ ಹಾರಿಸಿಕೊಂಡು ಬೀಳುವ ಒಬ್ಬ ಕ್ಯಾಪ್ಟನ್. ಯಾವ ಕಾಳಗವೇ ಇರಲಿ, ಕ್ಯಾಪ್ಟನ್ ಬೀಳದಿದ್ದರೆ ಗಿರಾಕಿಗೆ ಸಮಾಧಾನವಿಲ್ಲ.

ಅಂಥವರಲ್ಲಿ ಮೊದಲನೆಯವನು ನಾರ್ಬರ್ಟ್ ಡೀಟ್ರಿಕ್, ನಿವೃತ್ತ ರೈಲ್ವೆ ಗಾರ್ಡ್. ಹೊಸ ಚಿತ್ರ ಸಿಕ್ಕ ದಿನ ಅವನು ಬಾಯಲ್ಲೇ ಫಿರಂಗಿ ಹಾರಿಸಿಕೊಂಡು ಬರುತ್ತಿದ್ದ. ಹಿಂದೆ ಅವನ ಹೆಂಡತಿ ಅರ್ಮಾ. ನಾನು ಹಾಳೆಯನ್ನು ರಟ್ಟಿಗೆ ಕೂರಿಸುವ ಮೊದಲು ಆಕೆ, ಒಂದ್ನಿಮಿಷ ತಡಿಯಪ್ಪ ಎಂದು ಅದನ್ನು ಮಗುಚಿ ಹಾಕಿ, ಕನ್ನಡಕ ಏರಿಸಿ, ಹಿಂಬದಿಯಲ್ಲಿ ಅಚ್ಚಾದದ್ದನ್ನು ಓದುತ್ತಿದ್ದಳು. ಆ ಪತ್ರಿಕೆಯ ಚಿತ್ರದ ಹಿಂದೆ ಧಾರಾವಾಹಿ ಇರುತ್ತಿತ್ತು. ಗಂಡ ಚಿತ್ರಗಳ ಬೆನ್ನು ಹತ್ತಿದ. ಹೆಂಡತಿ ಚಿತ್ರಗಳ ಬೆನ್ನನ್ನೇ ಹತ್ತಿದಳು.

ಕಥೆ ಹೋಟೆಲಿನವನ ಮಗಳು ಟ್ಯಾಬಿತಾಳದ್ದು. ಒಂದು ಕಡೆ ಡಾಕ್ಟರು, ಇನ್ನೊಂದು ಕಡೆ ದೋಣಿ ನಡೆಸುವ ಒಂಟಿಗಾಲಿನ ಎಜ್ರಾ. ಒಟ್ಟು ಹದಿನಾಲ್ಕು ಕಂತು. ನಾರ್ಬರ್ಟನಿಗೆ ಕಾಳಗಗಳು ಸಿಕ್ಕ ಕ್ರಮದಲ್ಲಿ ಅರ್ಮಾಗೆ ಕಂತುಗಳು ಸಿಕ್ಕವು: ಮೊದಲು ಒಂಬತ್ತು, ಆಮೇಲೆ ಎರಡು, ಆಮೇಲೆ ಹನ್ನೊಂದು. ಹತ್ತೊಂಬತ್ತು ವರ್ಷಕ್ಕೆ ಹದಿಮೂರಾದವು. ಹದಿಮೂರನೆಯದರ ಕೊನೆಯಲ್ಲಿ ಹೊರಗೆ ಮಳೆ, ಬಾಗಿಲ ಹೊರಗೆ ಇಬ್ಬರು ಗಂಡಸರು, ಚಿಲಕದ ಮೇಲೆ ಟ್ಯಾಬಿತಾಳ ಕೈ. ಆ ಕೈ ಅಲ್ಲೇ ಉಳಿಯಿತು.

ಏಕೆಂದರೆ ಹದಿನಾಲ್ಕನೆಯ ವಾರ ಚಳಿಗಾಲ. ಸೈನ್ಯ ಶಿಬಿರದಲ್ಲಿ ಬೆಚ್ಚಗೆ ಕೂತಿತ್ತು. ಕಾಳಗವಿಲ್ಲದ ಪತ್ರಿಕೆ ನಡುಹಾಳೆಗೆ ಹಾಕಿದ ಚಿತ್ರ: ಹೇಸರಗತ್ತೆಗಳಿಗೆ ಲಾಳ ಹೊಡೆಯುವುದು. ಯಾವ ಮರ್ಯಾದಸ್ಥ ಸಂಗ್ರಹಕಾರ ಅದನ್ನು ಕೊಳ್ಳುತ್ತಾನೆ? ಯಾರೂ ಕೊಳ್ಳದ್ದರಿಂದ ಯಾರೂ ಉಳಿಸಲಿಲ್ಲ. ಲೈಬ್ರರಿಯಲ್ಲಿದ್ದ ಆ ಚಳಿಗಾಲದ ಸಂಪುಟ ಸಾವಿರದ ಒಂಬೈನೂರ ಎಪ್ಪತ್ತೆರಡರ ನೆರೆಯಲ್ಲಿ ಕೊಚ್ಚಿಹೋಗಿತ್ತು.

ಊರಿಗೆ ಉಳಿದ ಒಂದೇ ಪ್ರತಿ ವೆಂಡೆಲ್ ಕ್ಲೈನ್ ಅವರ ಅಡುಗೆಮನೆಯಲ್ಲಿತ್ತು. ಅವರ ಅಜ್ಜ ಸೈನ್ಯದಲ್ಲಿ ಹೇಸರಗತ್ತೆ ಗಾಡಿ ಹೊಡೆಯುತ್ತಿದ್ದ. ಚಿತ್ರದ ಮೂಲೆಯಲ್ಲಿ ಒದೆ ತಿನ್ನುತ್ತಿರುವವನು ತಾನೇ ಎಂದು ಹೆಮ್ಮೆಯಿಂದ ಹೇಳಿ, ಅದನ್ನು ಮೈದಾಹಿಟ್ಟಿನ ಅಂಟಿನಿಂದ ಹಲಗೆಗೆ ಅಂಟಿಸಿಬಿಟ್ಟಿದ್ದ. ಅಂಟಿನ ಆಚೆ ಹದಿನಾಲ್ಕನೆಯ ಕಂತು. ಇತ್ತ ನಾರ್ಬರ್ಟ್ ಇಪ್ಪತ್ತು ವರ್ಷ ಸಂಗ್ರಹಕಾರರ ಸಭೆಯಲ್ಲಿ, ವೆಂಡೆಲ್ ಬಂದಾಗಲೆಲ್ಲ ಹೇಸರಗತ್ತೆಯಂತೆ ಕೂಗಿ ನಗಿಸಿದ್ದ. ಚೆನ್ನಾಗಿಯೇ ಕೂಗುತ್ತಿದ್ದ, ಅದೇ ತೊಂದರೆ.

ಆ ಅಕ್ಟೋಬರಿನಲ್ಲಿ ಅರ್ಮಾಗೆ ಎಪ್ಪತ್ತೈದು ತುಂಬಿತು. ಏನು ಬೇಕು ಎಂದು ನಾರ್ಬರ್ಟ್ ಕೇಳಿದ.

"ಆ ಹುಡುಗಿ ಬಾಗಿಲು ಯಾರಿಗೆ ತೆಗೀತಾಳೆ ಅಂತ ತಿಳ್ಕೊಂಡೇ ಸಾಯ್ಬೇಕು ಕಣೋ," ಎಂದಳಂತೆ. "ಬೇರೇನೂ ಬೇಡ."

ಭಾನುವಾರ ಮಧ್ಯಾಹ್ನ ಮೂವರೂ ವೆಂಡೆಲ್ ಮನೆಗೆ ಹೋದೆವು. ಹಲಗೆಯಿಂದ ಹಾಳೆ ಬಿಡಿಸಬಲ್ಲವನು ಎಂದು ನನ್ನನ್ನು ಕರೆದೊಯ್ದಿದ್ದರು. ನಾರ್ಬರ್ಟ್ ಹೊಸಿಲಲ್ಲೇ ನಿಂತು, ಟೋಪಿ ತೆಗೆದು, ಗಂಟಲಲ್ಲಿ ಗೂಡ್ಸ್ ಗಾಡಿ ಉರುಳಿಸಿದ ಹಾಗೆ ವಿಷಯ ಹೇಳಿದ.

ವೆಂಡೆಲ್ ಸಾವಧಾನವಾಗಿ ಕೇಳಿಸಿಕೊಂಡರು. "ನಮ್ಮಜ್ಜನ ಕತ್ತೆಗಳನ್ನ ನೀರಲ್ಲಿ ಮುಳುಗಿಸ್ಬೇಕು. ಯಾವಳದೋ ಮದುವೆಗೆ."

"ಹೌದು."

"ಮೊದ್ಲು ಒಂದ್ಸಲ ಕೂಗು. ಸಭೇಲಿ ಕೂಗ್ತೀಯಲ್ಲ, ಹಾಗೆ."

ನಾರ್ಬರ್ಟ್ ಕೆಂಪಾದ. ಕೂಗಿದ. ನಾನು ಕೇಳಿದ್ದರಲ್ಲಿ ಅದು ಅತ್ಯಂತ ವಿನಯದ ಕೂಗು.

ವೆಂಡೆಲ್ ಇನ್ನೊಂದು ಷರತ್ತು ಹಾಕಿದರು. ಅಜ್ಜನನ್ನು ಪಣಕ್ಕಿಡುವುದಾದರೆ ಯಾವ ಕಥೆಗೆ ಎಂದು ಗೊತ್ತಾಗಬೇಕು. ಅರ್ಮಾ ಮೊದಲಿನಿಂದ ಹೇಳಬೇಕು. ಅವಮಾನ ಆರದ ನಾರ್ಬರ್ಟ್ ಜಗುಲಿಯ ಮೆಟ್ಟಿಲಿಗೆ ಹೋಗಿ ಕೂತು ಗರಿಗರಿ ಪ್ರೆಟ್ಜೆಲ್ ಬಿಸ್ಕತ್ತು ಕಡಿಯತೊಡಗಿದ. ಅರ್ಮಾ ಹೇಳಿದಳು. ಡಾಕ್ಟರಿಗೆ ಮೂಗಿನ ದನಿ, ಹೋಟೆಲಿನವನಿಗೆ ಬಿಯರ್ ಪೀಪಾಯಿಯ ದನಿ, ಎಜ್ರಾಗೆ ಮಾತ್ರ ತನ್ನದೇ ದನಿ, ತುಸು ತಗ್ಗಿಸಿ. ಅರ್ಧಕ್ಕೆ ಬಂದಾಗ ಹೊರಗೆ ಪ್ರೆಟ್ಜೆಲ್ ಕಡಿಯುವ ಸದ್ದು ನಿಂತಿತು. ಹದಿಮೂರು ಮುಗಿಯುವಾಗ ನಾರ್ಬರ್ಟ್ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ವೆಂಡೆಲ್ ಎದ್ದು ಗೋಡೆಯಿಂದ ಹಲಗೆಯನ್ನು ತಾವೇ ಇಳಿಸಿದರು.

ಹಳೆಯ ಕಾಗದ ಚಿಂದಿಬಟ್ಟೆಯ ತಿರುಳಿನದು, ಎಣ್ಣೆಮಸಿ ನೀರಿಗೆ ಹೆದರುವುದಿಲ್ಲ. ಹೆದರುವವನು ಕೆಲಸ ಮಾಡುವವನು. ಅಗಲದ ತಗಡಿನ ತಟ್ಟೆಯಲ್ಲಿ ಉಗುರುಬೆಚ್ಚಗಿನ ನೀರು ತುಂಬಿ ಹಲಗೆಯನ್ನು ಮಲಗಿಸಿದೆ. ಅರ್ಧ ಗಂಟೆ ಏನೂ ಆಗಲಿಲ್ಲ. ನಾಲ್ವರೂ ಹೆರಿಗೆ ಮನೆಯ ಹೊರಗೆ ಕಾಯುವವರಂತೆ ಕೂತೆವು. ಆಮೇಲೆ ಒಂದು ಮೂಲೆ ಎದ್ದಿತು, ಅಂಟು ಗಂಜಿಯಂತೆ ಕರಗಿ ಬಂತು. ಕೊನೆಗೆ ಒದೆ ತಿನ್ನುವ ಅಜ್ಜನ ಜಾಗ ಮಾತ್ರ ಬಿಡದೆ ಹಿಡಿದುಕೊಂಡಿತ್ತು. ಎಳೆದರೆ ಹರಿಯುತ್ತದೆ.

"ಸಮಾಧಾನವಾಗಿ ಬಿಡ್ಸಪ್ಪ," ಎಂದರು ವೆಂಡೆಲ್. "ನಮ್ ಅಜ್ಜ ಹಟಮಾರಿ, ಎಳೆದ್ರೆ ಬರೋನಲ್ಲ."

ಬೆರಳಲ್ಲಿ ನೀರು ತಟ್ಟುತ್ತ ಹತ್ತು ನಿಮಿಷ ಕಾದೆ. ಬಿಟ್ಟಿತು. ನೈಲಾನ್ ಪರದೆಯ ಮೇಲೆತ್ತಿ ಮಗುಚಿ ಗಾಜಿನ ಮೇಲೆ ಹಾಸಿದೆ. ಒಂದಕ್ಷರವೂ ಹೋಗಿರಲಿಲ್ಲ. ಅರ್ಮಾ ಮೂಗು ತಾಗುವಷ್ಟು ಬಾಗಿ ಗಟ್ಟಿಯಾಗಿ ಓದಿದಳು. ಮೊದಲ ಕಾಲಮ್ ಪೂರ್ತಿ ಮಳೆಯ ವರ್ಣನೆ. ಎರಡನೆಯದರಲ್ಲಿ ಹೋಟೆಲಿನವನ ಉಪದೇಶ. ಕಡೆಯ ನಾಲ್ಕು ಸಾಲಿನಲ್ಲಿ ಟ್ಯಾಬಿತಾ ಚಿಲಕ ತೆಗೆದು ಡಾಕ್ಟರನ್ನು ಒಳಗೆ ಕರೆದಳು. ಮುಂದಿನ ಭಾನುವಾರ ಮದುವೆ.

ನಾರ್ಬರ್ಟ್ ಹೆಂಡತಿಯ ಮುಖ ನೋಡಿದ.

ಅರ್ಮಾ ಕನ್ನಡಕ ಒರೆಸಿಕೊಂಡಳು. "ಬರೆದವನಿಗೆ ಅವಳ ಪರಿಚಯ ಹದಿನಾಲ್ಕು ವಾರದ್ದು," ಎಂದಳು. "ನಂಗೆ ಹತ್ತೊಂಬತ್ತು ವರ್ಷದ್ದು. ಅವ್ಳು ಹಾಗ್ ಮಾಡೋಳಲ್ಲ."

"ಮತ್ತೇನ್ಮಾಡ್ತಾಳಮ್ಮ?" ವೆಂಡೆಲ್ ಕೇಳಿದರು.

ಅವಳು ಹಿತ್ತಲ ಬಾಗಿಲಿಂದ ಹೊರಟು ನದಿಗೆ ಹೋಗಿ, ದೋಣಿಯಲ್ಲಿ ಕಾಯುತ್ತ ಕೂರುತ್ತಾಳೆ ಎಂದು ಅರ್ಮಾ ಹೇಳಿದಳು. ಎಜ್ರಾ ನೆನೆದು ತೊಪ್ಪೆಯಾಗಿ ಬಂದಾಗ, ಇಷ್ಟು ಹೊತ್ತು ಎಲ್ಲಿ ಸತ್ತಿದ್ದೆ ಎಂದು ಬೈಯುತ್ತಾಳೆ. ವೆಂಡೆಲ್ ಮೇಜು ಕುಟ್ಟಿ ಒಪ್ಪಿದರು. ನಾನೂ ಒಪ್ಪಿದೆ. ಡಾಕ್ಟರಿಗೆ ಶೀತವಾಗಲಿ ಎಂದೂ ಸರ್ವಾನುಮತದಿಂದ ತೀರ್ಮಾನವಾಯಿತು.

ನಾರ್ಬರ್ಟ್ ಕೆಮ್ಮಿದ. "ಅರ್ಮಾ, ಅವ್ನ ಕಾಲು ಹೋಗಿದ್ದು ಹೇಗೆ? ನಾನು ಹೊರಗಿದ್ದೆ."

ಅವಳು ತಿರುಗಿ ನೋಡಿದಳು. ಹತ್ತೊಂಬತ್ತು ವರ್ಷದಲ್ಲಿ ಅವನು ಆ ಕಥೆಯ ಬಗ್ಗೆ ಕೇಳಿದ ಮೊದಲ ಪ್ರಶ್ನೆ. "ಮೂರನೇ ಕಂತಲ್ಲಿದೆ. ನಿನ್ನ ಫ್ರೆಡರಿಕ್ಸ್‌ಬರ್ಗ್ ಕಾಳಗದ ಹಿಂದೆ. ನಾನ್ ಹೇಳಲ್ಲ, ನೀನೇ ಓದ್ಕೋ."

ಸೋಮವಾರ ನಾನು ಬೀಗ ತೆಗೆಯುವ ಮೊದಲೇ ಅವನು ಅಂಗಡಿ ಮುಂದೆ ನಿಂತಿದ್ದ, ಕಂಕುಳಲ್ಲಿ ಫ್ರೆಡರಿಕ್ಸ್‌ಬರ್ಗ್. ಎರಡೂ ಕಡೆ ಗಾಜು ಹಾಕಿಕೊಡು ಎಂದ. ಗೋಡೆಗೆ ನೇತುಹಾಕಿದರೆ ಹಿಂಬದಿ ಹೇಗೆ ಕಾಣುತ್ತದೆ ಎಂದು ಕೇಳಿದೆ.

"ಗೋಡೆಗ್ಯಾಕೆ? ಸಂಜೆ ಅವಳು ಕೂತಿರೋ ಕಡೆ ತಗೊಂಡ್ಹೋಗ್ತೀನಿ," ಎಂದ. "ಇನ್ನೂ ಹನ್ನೆರಡು ಗಾಡೀಲಿವೆ. ಬಾ, ಇಳಿಸೋಕೆ ಕೈಜೋಡ್ಸು."