ಕೊಟ್ಟಿಗೆಯ ಹೊಸ್ತಿಲು

ಮೂರನೇ ಸಲ ಸೋಪು ತಿಕ್ಕಿದರೂ ಮುಲಾಮಿನ ವಾಸನೆ ಹೋಗಲಿಲ್ಲ. ಚಿಕ್ಕಕ್ಕ ಅಂಗಳದ ನಲ್ಲಿಯ ಕೆಳಗೆ ಕೈಯೊಡ್ಡಿ, ಈ ಸಲ ಒಲೆಯ ಬೂದಿ ಹಚ್ಚಿ ಮೊಣಕೈವರೆಗೂ ಉಜ್ಜಿದಳು. ನೀರು ಮೂಳೆ ಕೊರೆಯುವಷ್ಟು ತಣ್ಣಗಿತ್ತು. ಒಳಗೆ ನಡುಮನೆಯಲ್ಲಿ ಅವಳ ಅಕ್ಕ ಶವಪೆಟ್ಟಿಗೆಯಲ್ಲಿ ಮಲಗಿದ್ದಳು. ಜನ ಒಬ್ಬೊಬ್ಬರಾಗಿ ಬಂದು ಮುಖ ನೋಡಿ, ಗೋಡೆಗೊರಗಿ ನಿಲ್ಲುತ್ತಿದ್ದರು. ಒಡಹುಟ್ಟಿದವಳು ಹೆಣದ ಪಕ್ಕ ಕೂರುವುದು ಬಿಟ್ಟು ನಲ್ಲಿಯ ಹತ್ತಿರ ಕೈ ತೊಳೆಯುತ್ತಾ ನಿಂತರೆ ಏನಂದುಕೊಂಡಾರು? ಏನಾದರೂ ಅಂದುಕೊಳ್ಳಲಿ. ಕೊಟ್ಟಿಗೆಯಲ್ಲಿ ಸಿಡುಕಿಯನ್ನು ನಿನ್ನೆ ಬೆಳಿಗ್ಗೆಯಿಂದ ಯಾರೂ ಕರೆದಿರಲಿಲ್ಲ. ಅದರ ಕೂಗು ಬೀದಿಯ ಆ ತುದಿಗೂ ಕೇಳುತ್ತಿತ್ತು.

ಸಿಡುಕಿ ಅಂದರೆ ಹಸು. ಹೆಸರಿಟ್ಟವಳು ದೊಡ್ಡಕ್ಕ, ಸುಮ್ಮನೆ ಇಟ್ಟಿರಲಿಲ್ಲ. ಅದು ದೊಡ್ಡಕ್ಕನ ಕೈಗಲ್ಲದೆ ಇನ್ನೊಬ್ಬರ ಕೈಗೆ ಹಾಲು ಬಿಟ್ಟದ್ದಿಲ್ಲ. ಮುಲಾಮಿನ ವಾಸನೆ ಬಂದರಂತೂ ಒದೆ ಖಂಡಿತ. ಚಿಕ್ಕಕ್ಕ ಮಣಿಕಟ್ಟಿನ ನೋವಿಗೆ ಹತ್ತು ವರ್ಷದಿಂದ ಅದೇ ಮುಲಾಮು ಹಚ್ಚುತ್ತಿದ್ದಳು, ಅವಳಿಗಿಂತ ಮೊದಲು ಅವಳ ವಾಸನೆ ಬರುತ್ತಿತ್ತು. "ನೀನು ಅಂಗಳ ದಾಟಿದ್ರೆ ಸಾಕು, ಅದು ಕಿವಿ ನಿಮಿರಿಸುತ್ತೆ ಕಣೇ," ಎಂದು ದೊಡ್ಡಕ್ಕ ಗದರುತ್ತಿದ್ದಳು.

"ಚಿಕ್ಕತ್ತೆ, ಒಳಗೆ ಬನ್ನಿ. ಎಲ್ಲ ನಿಮ್ಮನ್ನೇ ಕೇಳ್ತಿದ್ದಾರೆ," ಎನ್ನುತ್ತಾ ಅಣ್ಣನ ಮಗ ಮೆಟ್ಟಿಲಿಳಿದು ಬಂದ.

"ಕೇಳ್ಲಿ ಬಿಡು. ಅದಕ್ಕೆ ಹಾಲು ಕಟ್ಕೊಂಡಿದೆ. ಕೂಗ್ತಿರೋದು ನಿನಗೆ ಕೇಳಿಸ್ತಿಲ್ವಾ?"

"ಕೇಳಿಸ್ದೆ ಏನು? ನಿನ್ನೆ ಸಂಜೆ ನಾನೇ ಕೂತು ನೋಡ್ಲಿಲ್ವಾ. ತೊಡೆ ಇನ್ನೂ ಕಪ್ಪಿಟ್ಟಿದೆ." ಅವನ ಮನೆಯಲ್ಲಿ ಇಪ್ಪತ್ತು ಹಸುಗಳಿದ್ದವು, ಕರೆಯುವುದಕ್ಕೆ ಯಂತ್ರವಿತ್ತು, ಒದೆಯುವ ಹಸುವನ್ನು ನಿಲ್ಲಿಸುವ ಕಬ್ಬಿಣದ ಚೌಕಟ್ಟೂ ಇತ್ತು. "ಗಾಡಿಗೆ ಹೇಳಿದ್ದೀನಿ ಅತ್ತೆ. ಐದು ಗಂಟೆಗೆ ಬರುತ್ತೆ. ಇವತ್ತು ಕರೀಲಿಲ್ಲ ಅಂದ್ರೆ ಕೆಚ್ಚಲು ಬಾವು ಬಂದು ಹಸು ಹಾಳಾಗುತ್ತೆ. ನಮ್ಮನೇಲಿ ಇರ್ಲಿ. ನೀವೂ ಬಂದ್ಬಿಡಿ, ಮಹಡಿ ಕೋಣೆ ಖಾಲಿ ಇದೆ."

ಹುಡುಗ ಒಳ್ಳೆಯವನೇ. ಅವನ ಮಾತಿನಲ್ಲಿ ತಪ್ಪು ಹುಡುಕುವ ಹಾಗಿರಲಿಲ್ಲ. ಅಕ್ಕನಂತೂ ಹೋದಳು. ಅವಳು ಮುಟ್ಟಿ ಸಾಕಿದ ಜೀವವೂ ಗಾಡಿ ಹತ್ತಿ ಹೋದರೆ ಈ ಮನೆಯಲ್ಲಿ ಉಳಿಯುವುದೇನು, ಒಂದು ಒಲೆ ಮತ್ತು ಒಂದು ಮುಲಾಮಿನ ಡಬ್ಬಿ.

"ಐದು ಗಂಟೆ ತನಕ ಟೈಮಿದೆಯಲ್ಲ," ಎಂದಳು.

ಗೋಡೆಯ ಮೊಳೆಯಲ್ಲಿದ್ದ ಅಕ್ಕನ ಕೋಟು ಹಾಕಿಕೊಂಡಳು. ಅಕ್ಕನ ಹಾಗೆಯೇ ತಲೆಗೆ ಬಟ್ಟೆ ಕಟ್ಟಿದಳು. ಕೊಟ್ಟಿಗೆಯ ಹೊಸ್ತಿಲಿನ ಮುಂದೆ ಕಾಲುಗಳು ತಾವಾಗಿಯೇ ನಿಂತವು. ಆ ಹೊಸ್ತಿಲು ದಾಟಿ ಹದಿನಾಲ್ಕು ವರ್ಷವಾಗಿತ್ತು. ಕಣ್ಣು ಮುಚ್ಚಿ ದಾಟಿದಳು.

ಸಿಡುಕಿ ಕೋಟನ್ನು ನೋಡಿ ಕೂಗು ನಿಲ್ಲಿಸಿತು. ಒಂದು ಗಳಿಗೆ ಆಸೆ ಹುಟ್ಟಿತು. ಚಿಕ್ಕಕ್ಕ ಬಕೆಟ್ ಇಟ್ಟು, ಸ್ಟೂಲಿನ ಮೇಲೆ ಕೂತು, ಕಲ್ಲಿನಂತಾಗಿದ್ದ ಕೆಚ್ಚಲಿಗೆ ಕೈ ಹಾಕಿದಳೋ ಇಲ್ಲವೋ, ಹಸು ತಿರುಗಿ ಅವಳ ಕೈ ಮೂಸಿತು. ಬುಸ್ ಎಂದಿತು. ಆಮೇಲೆ ಬಕೆಟ್ ಒಂದು ಕಡೆ, ಚಿಕ್ಕಕ್ಕ ಒಂದು ಕಡೆ.

*

ಸಿಡುಕಿಗಿಂತ ಮೊದಲು ಒಂದು ಬಿಳಿ ಹಸು ಇತ್ತು. ಅದನ್ನು ಅಕ್ಕತಂಗಿಯರು ಸರದಿಯಲ್ಲಿ ಕರೆಯುತ್ತಿದ್ದರು. ಬೆಳಿಗ್ಗೆ ಅವಳು, ಸಂಜೆ ಇವಳು.

ಹದಿನಾಲ್ಕು ವರ್ಷದ ಹಿಂದೆ, ಹೀಗೆಯೇ ಎಲೆ ಉದುರುವ ಕಾಲ. ಚಳಿಗೆ ಮೊದಲು ಮುಗಿಸಬೇಕಾದ ಕೆಲಸ ತಲೆಯ ಮೇಲಿತ್ತು. ಹುಲ್ಲಿನ ಬಣವೆ ಒಟ್ಟಬೇಕು, ಸೌದೆ ಜೋಡಿಸಬೇಕು, ಕೊಟ್ಟಿಗೆಯ ಗೋಡೆಗೆ ಗೋಣಿ ಹೊಡೆಯಬೇಕು. ಚಿಕ್ಕಕ್ಕ ಕೋಳಿಗಳಿಗೆ ಕಾಳು ತರಲು ಕೊಟ್ಟಿಗೆಯ ಮೂಲೆಯ ಕಾಳಿನ ಕೋಣೆಗೆ ಹೋದವಳು, ಎರಡೂ ಕೈ ತುಂಬಿದ್ದರಿಂದ ಬಾಗಿಲನ್ನು ಆಮೇಲೆ ಹಾಕಿದರಾಯಿತು ಎಂದು ಹೊರಗೆ ಬಂದಳು. ಅಷ್ಟರಲ್ಲಿ ಒಲೆಯ ಮೇಲೆ ಏನೋ ಉಕ್ಕಿತು. ಬಾಗಿಲು ಮರೆತೇಹೋಯಿತು.

ಬಿಳಿ ಹಸು ಹಗ್ಗ ಬಿಚ್ಚಿಕೊಂಡು ಒಳಗೆ ನುಗ್ಗಿ ಅರ್ಧ ಮೂಟೆ ಕಾಳು ತಿಂದಿತ್ತು. ಸಂಜೆಯ ಹೊತ್ತಿಗೆ ಹೊಟ್ಟೆ ಉಬ್ಬಿ ನೆಲಕ್ಕೆ ಬಿತ್ತು. ದೊಡ್ಡಕ್ಕ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೊನೆಯ ಉಸಿರಿನವರೆಗೂ ಕೂತಿದ್ದಳು.

ಬೈದಿದ್ದರೆ ಚೆನ್ನಾಗಿತ್ತು. ಕೆನ್ನೆಗೆ ಎರಡು ಬಾರಿಸಿದ್ದರೂ ಚಿಕ್ಕಕ್ಕ ತಡೆದುಕೊಳ್ಳುತ್ತಿದ್ದಳು. ದೊಡ್ಡಕ್ಕ ಮಾರನೆಯ ದಿನ ಅನ್ನಕ್ಕೆ ಕೂತಾಗ ತಟ್ಟೆ ನೋಡುತ್ತಾ ಇಷ್ಟೇ ಅಂದಳು: "ಇನ್ಮೇಲೆ ಕೊಟ್ಟಿಗೆ ನಾನು ನೋಡ್ಕೋತೀನಿ. ನೀನು ಬರೋದು ಬೇಡ."

ಅಂದಿನಿಂದ ಹಾಲಿನ ಬಕೆಟ್ ಅಡುಗೆಮನೆಯ ಬಾಗಿಲಿಗೆ ಬರುತ್ತಿತ್ತು. ಇವಳು ಅಲ್ಲಿಂದ ತೆಗೆದುಕೊಳ್ಳುತ್ತಿದ್ದಳು. ಉಳಿದ ಮಾತು, ನಗು, ಜಗಳ ಎಲ್ಲ ಮೊದಲಿನ ಹಾಗೆಯೇ ನಡೆಯಿತು. ಆ ಒಂದು ವಿಷಯ ಮಾತ್ರ ಯಾರ ಬಾಯಿಗೂ ಬರಲಿಲ್ಲ.

*

ಮಧ್ಯಾಹ್ನ ಹನ್ನೆರಡಕ್ಕೆ ಪೆಟ್ಟಿಗೆ ಎತ್ತಿದರು. ದಾರಿಯುದ್ದಕ್ಕೂ ಒಣಗಿದ ಎಲೆಗಳು ಕಾಲಿಗೆ ಸಿಕ್ಕಿ ಸದ್ದು ಮಾಡುತ್ತಿದ್ದವು. ಚಿಕ್ಕಕ್ಕ ಮೊಣಕೈಯ ಗಾಯಕ್ಕೆ ಪಟ್ಟಿ ಸುತ್ತಿಕೊಂಡು, ಪಕ್ಕದ ಮನೆಯ ಟೈಲರಮ್ಮನ ತೋಳು ಹಿಡಿದು ನಡೆದಳು.

ಮಣ್ಣು ಮುಚ್ಚುವಾಗ ಅವಳಿಗೆ ಅಳು ಬರಲಿಲ್ಲ. ಬಂದದ್ದು ವಾಪಸು ಬರುವಾಗ, ಅದೂ ಬಡಗಿಯ ಮಾತಿಗೆ. ಪೆಟ್ಟಿಗೆ ಮಾಡಿದವನು ಅವನೇ. ಪಕ್ಕದಲ್ಲಿ ನಡೆಯುತ್ತಾ, ಏನಾದರೂ ಹೇಳಬೇಕಲ್ಲ ಎಂದು ಹೇಳಿದ.

"ದೊಡ್ಡಕ್ಕ ಹೇಳಿ ಮಾಡಿಸಿಕೊಂಡ ಕೊನೇ ಕೆಲಸ ಅದೇ ಆಗುತ್ತೆ ಅಂತ ಯಾರಿಗೆ ಗೊತ್ತಿತ್ತು ಹೇಳಿ. ಮೂರು ವಾರದ ಹಿಂದೆ ಆ ಕಾಳಿನ ಕೋಣೆ ಬಾಗಿಲಿಗೆ ಸ್ಪ್ರಿಂಗ್ ಹಾಕಿಸಿಕೊಂಡ್ರು. 'ಬಿಟ್ಟ ತಕ್ಷಣ ತಾನಾಗೇ ಮುಚ್ಕೋಬೇಕು, ಅಗುಳಿನೂ ತಾನಾಗೇ ಬೀಳಬೇಕು,' ಅಂತ ನಾಲ್ಕು ಸಲ ಬಿಚ್ಚಿಸಿ ಹಾಕಿಸಿದ್ರು. ನನ್ನ ಪ್ರಾಣ ಹಿಂಡಿಬಿಟ್ರು ನೋಡಿ."

ಚಿಕ್ಕಕ್ಕನಿಗೆ ಕೇಳಿಸಿದ್ದು ಒಂದೇ. ಹದಿನಾಲ್ಕು ವರ್ಷವಾದರೂ ಅಕ್ಕ ಆ ಬಾಗಿಲನ್ನು ಮರೆತಿರಲಿಲ್ಲ. ಸಾಯುವುದಕ್ಕೆ ಮೂರು ವಾರ ಮೊದಲೂ ಮನಸ್ಸಿನಲ್ಲಿ ಅದೇ ಇತ್ತು. ಅವಳು ರಸ್ತೆಯಲ್ಲೇ ನಿಂತು, ಬಾಯಿಗೆ ಕೈಯಡ್ಡ ಇಟ್ಟುಕೊಂಡು ಬಿಕ್ಕಿದಳು.

"ಅಯ್ಯೋ, ಸಮಾಧಾನ ಮಾಡ್ಕೋ," ಎಂದು ಟೈಲರಮ್ಮ ಬೆನ್ನು ಸವರಿದಳು. ಅಳು ನಿಲ್ಲದ್ದನ್ನು ಕಂಡು ಮಾತು ಬದಲಿಸಿದಳು. "ಅಲ್ವೇ, ನೀನೂ ಈಚೆಗೆ ಕೊಟ್ಟಿಗೆ ಕೆಲಸಕ್ಕೆ ಹೋಗ್ತಿದ್ದೆಯಲ್ಲ, ನಿನ್ನ ಕೈಗೂ ಅದು ಹಾಲು ಬಿಡಲ್ವಾ?"

"ನಾನಾ? ನಾನೆಲ್ಲಿ ಹೋದೆ?"

"ಹೋದ ವಾರ ಮುಸ್ಸಂಜೇಲಿ ನೋಡಿದೆನಲ್ಲೇ. ಕೊಟ್ಟಿಗೆಯಿಂದ ಬರ್ತಿದ್ದೆ. ಎರಡು ಸಲ ಕೂಗಿದೆ, ಇತ್ತ ತಿರುಗ್ಲೇ ಇಲ್ಲ ನೀನು. ಏನೋ ಕೋಪ ಇರ್ಬೇಕು ಅಂದ್ಕೊಂಡೆ."

"ನಿನ್ನ ಕಣ್ಣಿಗೆ ಕನ್ನಡಕ ಬೇಕು," ಎಂದಳು ಚಿಕ್ಕಕ್ಕ, ಮೂಗು ಒರೆಸಿಕೊಳ್ಳುತ್ತಾ.

*

ಈ ವರ್ಷ ದೊಡ್ಡಕ್ಕನಿಗೆ ಕೆಲಸದ ಹುಚ್ಚು ಹಿಡಿದಿತ್ತು. ಆಸ್ಪತ್ರೆಗೆ ಒಬ್ಬಳೇ ಹೋಗಿ ಬಂದ ದಿನದಿಂದ ಶುರುವಾದದ್ದು. "ಡಾಕ್ಟ್ರು ಏನಂದ್ರು?" ಎಂದರೆ "ಗ್ಯಾಸ್ ಅಂತೆ," ಎಂದು ಬಾಯಿ ಮುಚ್ಚಿಸಿದ್ದಳು. ಒಂದು ಹಸುವಿಗೆ ಎರಡು ಬಣವೆ ಒಟ್ಟಿಸಿದಳು. ಬೆಳಿಗ್ಗೆ ಎದ್ದರೆ ಸುತ್ತಿಗೆ, ಸಂಜೆಯಾದರೆ ಗೋಣಿ. ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದಳು, ಕೇಳಿದರೆ ಸಿಡುಕುತ್ತಿದ್ದಳು. ಹಸುವಿಗೆ ಹೆಸರಿಟ್ಟವಳೇ ಆ ಹೆಸರಿಗೆ ಸರಿಯಾಗಿದ್ದಳು.

ಅದೇ ಸಮಯಕ್ಕೆ, ಎರಡು ತಿಂಗಳ ಹಿಂದೆ, ಚಿಕ್ಕಕ್ಕನ ನೀಲಿ ಸ್ವೆಟರ್ ಕಾಣೆಯಾಯಿತು. ಕೈಯಾರೆ ಹೆಣೆದದ್ದು, ಕೊನೆಯ ಗುಂಡಿ ಮಾತ್ರ ಕಂದು. ಹುಡುಕಿದಳು, ಬಟ್ಟೆಯ ಟ್ರಂಕು ತಲೆಕೆಳಗು ಮಾಡಿದಳು. ಅದರ ಜೊತೆ ಅರ್ಧ ಡಬ್ಬಿ ಮುಲಾಮೂ ಇಲ್ಲ.

"ಅಕ್ಕ, ನಿಜ ಹೇಳು. ಅದನ್ನ ಹರಿದು ಹಸು ಮೈ ಒರೆಸೋಕೆ ಇಟ್ಕೊಂಡ್ಯಾ?"

"ನಿನ್ನ ಸ್ವೆಟರ್ ನನಗ್ಯಾಕೆ? ಎಲ್ಲೋ ಇರುತ್ತೆ ಬಿಡು."

"ಸ್ವೆಟರಿಗೇನು ಕಾಲು ಬಂತಾ? ಮುಲಾಮಿಗೂ ಕಾಲು ಬಂತಾ? ನನ್ನ ವಸ್ತು ಅಂದ್ರೆ ನಿನಗೆ ಯಾವಾಗ್ಲೂ ಅಷ್ಟಕ್ಕಷ್ಟೇ."

ಮೂರು ದಿನ ಇಬ್ಬರೂ ಮಾತು ಬಿಟ್ಟರು. ನಾಲ್ಕನೆಯ ದಿನ ಚಿಕ್ಕಕ್ಕ ಹೊಸ ಡಬ್ಬಿ ತಂದು, ಅಕ್ಕನ ಕಣ್ಣಿಗೆ ಬೀಳುವ ಹಾಗೆ ಕಿಟಕಿಯಲ್ಲಿಟ್ಟಳು. ಅಷ್ಟು ವಯಸ್ಸಾಗಿಯೂ ಚಿಕ್ಕಕ್ಕ ಮಾಡಿದ್ದು ಅಷ್ಟು ಸಣ್ಣತನ.

*

ನಾಲ್ಕೂವರೆ. ಬಂದವರು ಟೀ ಕುಡಿದು ಒಬ್ಬೊಬ್ಬರಾಗಿ ಹೊರಟಿದ್ದರು. ಅಣ್ಣನ ಮಗ ಗೇಟಿನ ಹತ್ತಿರ ನಿಂತು ಫೋನಿನಲ್ಲಿ ಗಾಡಿಯವನಿಗೆ ದಾರಿ ಹೇಳುತ್ತಿದ್ದ. ಸಿಡುಕಿಯ ಕೂಗು ಈಗ ಕೂಗಾಗಿರಲಿಲ್ಲ, ನರಳಾಟವಾಗಿತ್ತು.

ಕಾಳು ತೋರಿಸಿದರೆ ಬಗ್ಗೀತೇನೋ. ಅದೊಂದೇ ಉಳಿದಿತ್ತು. ಆದರೆ ಕಾಳಿಗೆ ಆ ಕೋಣೆಗೇ ಹೋಗಬೇಕು. ಚಿಕ್ಕಕ್ಕ ಮತ್ತೆ ಹೊಸ್ತಿಲು ದಾಟಿ, ಕೋಣೆಯ ಬಾಗಿಲು ತಳ್ಳಿ, ಒಳಗೆ ಹೋಗಿ, ಅದು ತೆರೆದೇ ಉಳಿದೀತು ಎಂಬ ಹಳೆಯ ಭಯಕ್ಕೆ ಅದನ್ನು ಬೆನ್ನಿನಿಂದ ಒತ್ತಿ ಮುಚ್ಚಿಯೇ ನಿಂತು ಮೂಟೆಯ ಕಡೆ ಕೈ ಚಾಚಿದಳು.

ಎದುರು ಗೋಡೆಯ ಮೊಳೆಯಲ್ಲಿ ನೀಲಿ ಸ್ವೆಟರ್ ನೇತಾಡುತ್ತಿತ್ತು. ಕೊನೆಯ ಗುಂಡಿ ಕಂದು. ಹರಿದಿರಲಿಲ್ಲ. ತೋಳಿಗೆ ಸೆಗಣಿಯ ಕಲೆ, ಎದೆಯ ಮೇಲೆ ಹಸುವಿನ ಕೂದಲು. ಅಕ್ಕನ ಎತ್ತರಕ್ಕೆ ಸಾಲದೆ ಹೊಲಿಗೆ ಕಂಕುಳಲ್ಲಿ ಬಿಟ್ಟಿತ್ತು. ಜೇಬಿಗೆ ಕೈ ಹಾಕಿದರೆ ಮುಲಾಮಿನ ಡಬ್ಬಿ. ತಳ ಕಾಣುವಷ್ಟು ಖಾಲಿ.

ಅಕ್ಕನ ಮಣಿಕಟ್ಟು ಯಾವತ್ತೂ ನೋಯುತ್ತಿರಲಿಲ್ಲ. ಮುಲಾಮು ಕಂಡರೆ ಮೂಗು ಮುಚ್ಚಿಕೊಳ್ಳುತ್ತಿದ್ದವಳು. ಎರಡು ತಿಂಗಳು, ದಿನಕ್ಕೆ ಎರಡು ಹೊತ್ತು, ಅವಳು ಈ ಸ್ವೆಟರ್ ತೊಟ್ಟು, ಈ ಮುಲಾಮು ಬಳಿದುಕೊಂಡು, ಆ ಸ್ಟೂಲಿನ ಮೇಲೆ ಕೂತು ಒದೆ ತಿಂದಿದ್ದಳು. ಮುಸ್ಸಂಜೆಯಲ್ಲಿ ಟೈಲರಮ್ಮ ಕೂಗಿದರೆ ತಿರುಗದೆ ಹೋದದ್ದು ಅವಳೇ. ಅವಳ ಮೊಣಕಾಲ ಕೆಳಗಿನ ಹಸಿರುಗಟ್ಟಿದ ಗಾಯ ನೋಡಿ ಚಿಕ್ಕಕ್ಕ ಕೇಳಿದ್ದಳು. "ಕಲ್ಲು ತಾಗ್ತು," ಎಂದಿದ್ದಳು ದೊಡ್ಡಕ್ಕ.

"ನನಗೆ ಹೇಳಬಾರದಾಗಿತ್ತೇನೇ ಅಕ್ಕಾ," ಎಂದು ಚಿಕ್ಕಕ್ಕ ಸ್ವೆಟರಿಗೆ ಮುಖ ಒತ್ತಿ ಅತ್ತಳು. "ಬಾಯಿ ಬಿಟ್ಟು ಒಂದು ಮಾತು ಹೇಳಬಾರದಾಗಿತ್ತಾ?"

ಆಮೇಲೆ ಅಕ್ಕನ ಕೋಟು ಬಿಚ್ಚಿದಳು. ಸ್ವೆಟರ್ ತೊಟ್ಟಳು. ಡಬ್ಬಿಯ ತಳದಲ್ಲಿ ಉಳಿದಿದ್ದನ್ನು ಬೆರಳಿನಿಂದ ಬಳಿದು, ಬೆಳಿಗ್ಗೆಯಿಂದ ಉಜ್ಜಿ ಉಜ್ಜಿ ಕೆಂಪಾಗಿದ್ದ ಮಣಿಕಟ್ಟಿಗೆ ಹಚ್ಚಿಕೊಂಡಳು. ಉರಿಯಿತು. ಹೊರಬಂದು ಬಾಗಿಲನ್ನು ಕೈಯಾರೆ ಎಳೆದು, ಅಗುಳಿಯನ್ನು ಎರಡು ಸಲ ಒತ್ತಿ ನೋಡಿದಳು.

ಸ್ಟೂಲಿನ ಮೇಲೆ ಕೂತಾಗ ಸಿಡುಕಿ ಕತ್ತು ತಿರುಗಿಸಿತು. ಮಣಿಕಟ್ಟು ಮೂಸಿತು. ಮತ್ತೊಂದು ಸಲ ಮೂಸಿತು. ದೊಡ್ಡದಾಗಿ ಉಸಿರು ಬಿಟ್ಟು, ತಲೆಯನ್ನು ಗೋದಲಿಯ ಕಡೆ ತಿರುಗಿಸಿ ನಿಂತುಕೊಂಡಿತು.

ಮೊದಲ ಧಾರೆ ಬಕೆಟ್ಟಿನ ತಳಕ್ಕೆ ಸದ್ದಾಗಿ ಬಡಿಯಿತು. ಆಮೇಲೆ ಬೆರಳುಗಳಿಗೆ ಎಲ್ಲ ನೆನಪಾಯಿತು.

"ಅತ್ತೆ, ಗಾಡಿ ಬಂತು..." ಎಂದು ಬಂದ ಅಣ್ಣನ ಮಗ ಬಾಗಿಲಲ್ಲೇ ನಿಂತ. ಬಕೆಟ್ಟಿನಲ್ಲಿ ನೊರೆ ಏರುತ್ತಿತ್ತು. "ಒದೀಲಿಲ್ವಾ?" ಎಂದ.

"ಗಾಡಿಯವನಿಗೆ ಟೀ ಕೊಟ್ಟು ಕಳಿಸಪ್ಪ. ಪಾಪ, ದೂರದಿಂದ ಬಂದಿದ್ದಾನೆ."

"ಮತ್ತೆ ನೀವು?"

"ನಾಳೆ ಬೆಳಿಗ್ಗೆ ಮತ್ತೆ ಕರೀಬೇಕಲ್ಲ. ನಾನೆಲ್ಲಿಗೆ ಬರ್ಲಿ?"

ಅವನು ಕಣ್ಣು ಒರೆಸಿಕೊಳ್ಳುತ್ತಾ ಹೋದ. ಚಿಕ್ಕಕ್ಕ ಹಾಲಿನ ಬಕೆಟ್ಟನ್ನು ಎತ್ತರದಲ್ಲಿಟ್ಟು, ಸಿಡುಕಿಗೆ ಬೂಸಾ ಕೊಡಲು ಮತ್ತೆ ಆ ಕೋಣೆಗೆ ಹೋದಳು. ಬುಟ್ಟಿ ತುಂಬಿಸಿ ಎರಡೂ ಕೈಯಲ್ಲಿ ಎತ್ತಿಕೊಂಡು ಹೊರಗೆ ಬಂದಳು. ಸಿಡುಕಿ ಅವಸರಕ್ಕೆ ಅಂಬಾ ಎಂದಿತು. "ಬಂದೆ, ತಡಿಯೇ," ಎನ್ನುತ್ತಾ ನಾಲ್ಕು ಹೆಜ್ಜೆ ನಡೆದವಳಿಗೆ ಥಟ್ಟನೆ ನೆನಪಾಯಿತು. ಬಾಗಿಲು!

ಬುಟ್ಟಿ ಹಿಡಿದೇ ಗಕ್ಕನೆ ತಿರುಗಿದಳು. ಬೆನ್ನ ಹಿಂದೆ ಬಾಗಿಲು ಮೆಲ್ಲಗೆ, ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಟಪ್ ಎಂದು ಅಗುಳಿ ಬಿತ್ತು.