ಬೆನ್ನು ತಿರುಗಿಸಿ ನಿಲ್ಲುವ ಅಜ್ಮತ್ ಉಲ್ಲಾ

ಕೆ.ಆರ್. ಪೇಟೆಯ ಟ್ಯಾಕ್ಸಿ ಸ್ಟ್ಯಾಂಡಿನ ಅಜ್ಮತ್ ಉಲ್ಲಾ ಗಂಡಸರ ಬ್ಯಾಗನ್ನು ಕಣ್ಣಿನಿಂದಲೂ ಹೆಂಗಸರ ಬ್ಯಾಗನ್ನು ಕಿವಿಯಿಂದಲೂ ತಪಾಸಣೆ ಮಾಡುತ್ತಾರೆ. ವಿಮಾನ ನಿಲ್ದಾಣದ ಬಾಡಿಗೆ ಬಂತೆಂದರೆ ನಾಗಮಂಗಲ ದಾಟಿ ಬೆಳ್ಳೂರು ಕ್ರಾಸಿನಲ್ಲಿ ಕಾರು ನಿಲ್ಲಿಸಿ, ಹೋಟೆಲಿನ ಹೊರಗಿರುವ ಕಲ್ಲುಬೆಂಚಿನ ಮೇಲೆ ಮಾಸಲು ಬೆಡ್‌ಶೀಟೊಂದನ್ನು ಹಾಸಿ, ಪ್ರಯಾಣಿಕರ ಸಾಮಾನನ್ನೆಲ್ಲ ಬಿಚ್ಚಿಸುವುದು ಅವರು ಹದಿನಾರು ವರ್ಷಗಳಿಂದ ತಪ್ಪದೆ ಆಚರಿಸಿಕೊಂಡು ಬಂದಿರುವ ವ್ರತ. ಗಂಡಸರ ಬ್ಯಾಗಾದರೆ ತಾವೇ ಕೈಹಾಕಿ ಕತ್ತರಿ, ಬೆಂಕಿಪೊಟ್ಟಣ, ಎಣ್ಣೆ ಸೀಸೆಗಳನ್ನು ಹೆಕ್ಕಿ ತೆಗೆಯುತ್ತಾರೆ. ಹೆಂಗಸರದಾದರೆ ಹೆದ್ದಾರಿಯ ಕಡೆ ಮುಖಮಾಡಿ, ಎರಡೂ ಕೈಗಳನ್ನು ಹಿಂದೆ ಕಟ್ಟಿ ನಿಂತು, "ಒಂದೊಂದೇ ಎಸ್ರು ಏಳ್ರವ್ವ, ಕೇಳುಸ್ಕತಾ ಇವ್ನಿ" ಎನ್ನುತ್ತಾರೆ. ಸೀರೆ ಎಷ್ಟು, ಪುಡಿ ಯಾವುದು, ಮಾತ್ರೆ ಯಾವುದು ಎಂದು ಹಿಂದಿನಿಂದ ದನಿ ಬರುತ್ತದೆ. ಇವರು ಲಾರಿಗಳನ್ನು ನೋಡುತ್ತಲೇ "ಅದು ಇರ್ಲಿ, ಇದು ಬ್ಯಾಡ" ಎಂದು ತೀರ್ಪು ಕೊಡುತ್ತಾರೆ.

ಐವತ್ತೆಂಟರ ಪ್ರಾಯ, ಹೆಂಚಿನ ಬಣ್ಣದ ಗಡ್ಡ. ಎಡಗಾಲನ್ನು ಊರುವ ಮುನ್ನ ನೆಲವನ್ನೊಮ್ಮೆ ಕೇಳಿಕೊಳ್ಳುವಂತೆ ಅರೆಗಳಿಗೆ ತಡೆದು ಊರುವ ನಡಿಗೆ. ವಿಮಾನ ನಿಲ್ದಾಣಕ್ಕೆ ಹೋಗುವ ದಿನ ಮಾತ್ರ ಅವರು ಬೂದಿಬಣ್ಣದ ಕೋಟು ಧರಿಸುತ್ತಾರೆ. ಮದುವೆಗೆಂದು ಶ್ರೀರಂಗಪಟ್ಟಣದಲ್ಲಿ ಹೊಲಿಸಿದ್ದು, ಈಗ ಹೊಟ್ಟೆಯ ಮೇಲೆ ಗುಂಡಿ ಕೂಡುವುದಿಲ್ಲ. ಕಡು ಬೇಸಿಗೆಯಲ್ಲಿ ಇದೇಕೆ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಕೋಟು ಆಕಂಡಿದ್ರೆ ಪೊಲೀಸ್ನೋರು 'ಏಯ್' ಅನ್ನಕಿಲ್ಲ ಪೇಪರ್ನೋರೆ, 'ರೀ' ಅಂತಾರೆ. ಆ ಒಂದಕ್ಷರಕ್ಕೆ ಬೆವರಬೌದು" ಎಂದಿದ್ದರು. ನಾನು ಪಾಂಡವಪುರದ ಒಂದು ವಾರಪತ್ರಿಕೆಯಲ್ಲಿ ಅಂಕಣ ಬರೆಯುವುದರಿಂದ ಅವರ ಬಾಯಲ್ಲಿ ನನ್ನ ಹೆಸರು ಪೇಪರ್ನೋರೆ ಎಂದೇ ಆಗಿದೆ. ಹೊತ್ತಿಗೆ ಸರಿಯಾಗಿ ತಲುಪಿಸುತ್ತೀರಾ ಎಂದು ಯಾರಾದರೂ ಕೇಳಿದರೆ ಅವರು ಹೂಂ ಎನ್ನುವುದಿಲ್ಲ. "ಬಾಗ್ಲು ತನ್ಕ ನಂದು. ಒಳಗಿಂದು ದೇವ್ರುದು" ಎನ್ನುತ್ತಾರೆ. ಹೇಳುವವರು ಒಮ್ಮೆಯೂ ವಿಮಾನ ಹತ್ತಿದವರಲ್ಲ.

ಬ್ಯಾಗು ಬಿಚ್ಚಿಸುವ ಈ ಪದ್ಧತಿಗೆ ಮೂಲಪುರುಷ ಬೂಕನಕೆರೆಯ ಹೊನ್ನಪ್ಪ. ಕಾಶಿಗೆ ಹೊರಟ ಆ ಹಿರಿಯ, ಅಲ್ಲಿ ಹದಿನೈದು ದಿನ ಮುದ್ದೆಯಿಲ್ಲದೆ ಬದುಕುವುದು ಹೇಗೆಂದು, ರಾಗಿಹಿಟ್ಟಿನ ಜೊತೆಗೆ ಮುದ್ದೆ ತಿರುವುವ ಕೋಲನ್ನೂ ಕೈಚೀಲದಲ್ಲಿಟ್ಟುಕೊಂಡು ಹೋಗಿದ್ದ. ತಪಾಸಣೆಯವರು ಅದನ್ನು ದೊಣ್ಣೆಯೆಂದರು. ಹೊನ್ನಪ್ಪ ವಾದಿಸಿದ, ಕೋಲನ್ನು ಗಾಳಿಯಲ್ಲಿ ತಿರುವಿ ಪ್ರಯೋಗವನ್ನೂ ತೋರಿಸಿದ, ಅದರಿಂದ ಕೆಲಸ ಇನ್ನೂ ಕೆಟ್ಟಿತು. ಕೊನೆಗೆ ಆ ಕೋಲು ಬಾಗಿಲಿನಿಂದ ಹೊರಗೆ ಬಂದು ಅಜ್ಮತ್ ಉಲ್ಲಾ ಅವರ ಕೈ ಸೇರಿತು. ಅವರು ಅದನ್ನು ಡಿಕ್ಕಿಯಲ್ಲಿ ಬಟ್ಟೆ ಸುತ್ತಿ ಕಾಪಾಡಿ, ಹೊನ್ನಪ್ಪ ಹಿಂದಿರುಗಿದ ದಿನ ನಿಲ್ದಾಣದಲ್ಲೇ ಕೈಗಿತ್ತರು. "ಮುಟ್ಕಂಡು ಅತ್ತುಬುಟ್ಟ ಮನ್ಸ" ಎಂದು ಅವರು ನಗದೆ ಹೇಳುತ್ತಾರೆ.

ಹೋದ ಮಾರ್ಚಿನಲ್ಲಿ ಶೀಳನೆರೆಯ ದಿವ್ಯಳನ್ನು ಅವರು ವಿಮಾನಕ್ಕೆ ಬಿಡಲು ಹೊರಟರು. ಆಕೆ ನರ್ಸು, ಮಸ್ಕತ್ತಿನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತ್ತು. ಕಾಗದಪತ್ರಗಳು ಆ ಕಚೇರಿ ಈ ಕಚೇರಿ ಅಲೆದು ತಡವಾಗಿ ಬಂದಿದ್ದವು. ಆ ದೇಶವನ್ನು ಪ್ರವೇಶಿಸಲು ಅವಳ ವೀಸಾಕ್ಕಿದ್ದ ಕಡೆಯ ದಿನ ಅದೇ ದಿನ. ಸಂಜೆ ನಾಲ್ಕರ ವಿಮಾನ ತಪ್ಪಿದರೆ ಕೆಲಸವೂ ತಪ್ಪಿದಂತೆ. ಗಂಡನಿಗೆ ಡೈರಿಯಲ್ಲಿ ರಜೆ ಸಿಕ್ಕಿರಲಿಲ್ಲವಾಗಿ ಕಳಿಸಿಕೊಡಲು ತಾಯಿ ಚಲುವಮ್ಮ ಬಂದಿದ್ದರು. ನನಗೂ ಆ ದಿಕ್ಕಿನಲ್ಲಿ ಕೆಲಸವಿತ್ತು. ಮುಂದಿನ ಸೀಟಿನಲ್ಲಿ ಕುಳಿತಿದ್ದೆ.

ಬೆಳ್ಳೂರು ಕ್ರಾಸಿನಲ್ಲಿ ಬೆಡ್‌ಶೀಟು ಹರಡಿತು. ಅಜ್ಮತ್ ಉಲ್ಲಾ ಹೆದ್ದಾರಿಗೆ ಮುಖಮಾಡಿದರು. ದಿವ್ಯ ಹೇಳುತ್ತ ಹೋದಳು. ಕೊನೆಗೆ ಹಳದಿ ಬಟ್ಟೆಯ ಗಂಟೊಂದು ಉಳಿಯಿತು.

"ಅದೇನವ್ವ?"

"ಮಡ್ಲಕ್ಕಿ ಕಣಣ್ಣ" ಎಂದರು ಚಲುವಮ್ಮ. "ಅಕ್ಕಿ, ಎರಡಚ್ಚು ಬೆಲ್ಲ, ಅರಿಸಿನದ ಕೊಂಬು, ಎಲೆಅಡಿಕೆ, ಒಂದ್ ಡಜನ್ ಬಳೆ, ರವಿಕೆ ಕಣ. ಇನ್ನು ಕೊಬ್ರಿ ಗಿಟುಕು ಎರಡು."

"ಕೊಬ್ರಿ ತಗೀರಿ."

"ಇದೊಳ್ಳೆ ಕತೆಯಾಯ್ತಲ್ಲ! ಕೊಬ್ರಿ ಇಲ್ದೆ ಮಡ್ಲು ತುಂಬ್ತಾರಾ?"

"ಒಣಕೊಬ್ರೀಗೆ ಬೇಗ ಬೆಂಕಿ ಅತ್ತುತ್ತೆ ಅಂತ ಪ್ಲೇನೊಳಕೆ ಬುಡಕಿಲ್ಲ ಅಕ್ಕ. ನಾನ್ ಮಾಡಿದ್ ಕಾನೂನಲ್ಲ."

"ನಿಮ್ ಕಾನೂನ್ಗೆ ಅವ್ವ ಇದ್ದಂಗಿಲ್ಲ ಬುಡಿ" ಎಂದು ಗೊಣಗಿದ ಚಲುವಮ್ಮ ಗಿಟುಕುಗಳನ್ನು ತೆಗೆದು ತಮ್ಮ ಚೀಲಕ್ಕೆ ಹಾಕಿಕೊಂಡರು. ಅವು ಅಲ್ಲೇ ಉಳಿದವೆಂದು ಅಜ್ಮತ್ ಉಲ್ಲಾ ನಂಬಿದರು, ಏಕೆಂದರೆ ಅವರ ಮುಖ ರಸ್ತೆಯ ಕಡೆಗಿತ್ತು. ದಿವ್ಯ ಕೈತೊಳೆಯಲು ಹೋದಾಗ ಆ ತಾಯಿ ಕೊಬ್ಬರಿಯನ್ನು ಮತ್ತೆ ಗಂಟಿಗೆ ಸೇರಿಸಿ, ಗಂಟನ್ನು ಮಗಳ ಬ್ಯಾಗಿನ ತಳಕ್ಕೆ ತುರುಕಿದ್ದನ್ನು ಅವರು ನೋಡಲಿಲ್ಲ. ಫೋನಿನಲ್ಲಿದ್ದ ನಾನೂ ನೋಡಲಿಲ್ಲ.

ನಿಲ್ದಾಣವನ್ನು ಒಂದು ಗಂಟೆಗೆ ಮುಟ್ಟಿದೆವು. ತಾಯಿ ಮಗಳನ್ನು ಬಾಗಿಲ ಬಳಿ ಇಳಿಸಿ ನಾವಿಬ್ಬರು ಕಾರು ನಿಲ್ಲಿಸುವ ಜಾಗಕ್ಕೆ ಹೋದೆವು. ಅತ್ತ ಬಾಗಿಲ ಬಳಿ ತಾಯಿ, ತಡೆಯಲಾರದೆ, ಕೊಬ್ಬರಿ ಒಳಗೇ ಇದೆ ಎಂದು ಮಗಳ ಕಿವಿಯಲ್ಲಿ ಹೇಳಿದರಂತೆ. ದಿವ್ಯ ಹೌಹಾರಿ ಇಡೀ ಗಂಟನ್ನೇ ಕಿತ್ತು ತಾಯಿಯ ಕೈಗಿಟ್ಟು, "ವಾಪಸ್ ತಕ್ಕಂಡೋಗವ್ವ" ಎಂದು ಒಳಗೆ ಓಡಿದಳು. ನಮ್ಮ ಕಡೆ ತುಂಬಿದ ಮಡಿಲಕ್ಕಿಯನ್ನು ವಾಪಸು ಮನೆಗೆ ತರುವಂತಿಲ್ಲ. ಕಸದ ಡಬ್ಬಿಗೆ ಹಾಕುವುದಂತೂ ಕನಸಿನಲ್ಲೂ ಇಲ್ಲ. ಯಾರೂ ತುಳಿಯದ ಕಡೆ, ಗಿಡದ ಬುಡದಲ್ಲಿ ಇಟ್ಟುಬಿಡಬೇಕು. ಚಲುವಮ್ಮ ಸುತ್ತಮುತ್ತ ನೋಡಿ, ಕಂಬದ ಪಕ್ಕದಲ್ಲಿದ್ದ ದೊಡ್ಡ ಕುಂಡದ ಗಿಡದ ಬುಡದಲ್ಲಿ ಗಂಟನ್ನಿಟ್ಟು, ಕೈಮುಗಿದು, ಬರಿಗೈಯಲ್ಲಿ ನಮ್ಮ ಬಳಿಗೆ ಬಂದರು. ಮಗಳು ಒಳಗೆ ಹೋದಳೆಂದಷ್ಟೇ ಹೇಳಿದರು.

ಒಂದೂವರೆಗೆ ಸೀಟಿಗಳು ಕೇಳಿದವು. ವಾರಸುದಾರರಿಲ್ಲದ ಗಂಟು ಸಿಕ್ಕಿದೆಯೆಂದು ಬಾಗಿಲುಗಳನ್ನೆಲ್ಲ ಮುಚ್ಚಿದರು, ಒಳಗಿನ ತಪಾಸಣೆಯನ್ನೂ ನಿಲ್ಲಿಸಿದರು, ಹೊರಗಿದ್ದವರನ್ನು ಹಗ್ಗ ಕಟ್ಟಿ ದೂರ ತಳ್ಳಿದರು. ಮುಚ್ಚಿದ್ದರ ಬಗ್ಗೆ ನನ್ನ ತಕರಾರಿಲ್ಲ; ಅನಾಥ ಗಂಟು ಕಂಡಾಗ ಮುಚ್ಚಬೇಕಾದದ್ದೇ. ಆದರೆ ಬಿಸಿಲಿನಲ್ಲಿ ನಿಂತ ಸಾವಿರ ಜನಕ್ಕೆ ಎಷ್ಟು ಹೊತ್ತು ಎಂದು ಹೇಳುವ ಬಾಯಿ ಒಂದೂ ಇರಲಿಲ್ಲ. ಅನಾನುಕೂಲಕ್ಕೆ ವಿಷಾದಿಸುತ್ತೇವೆ ಎಂಬ ಮಧುರ ಕಂಠವೊಂದು ಐದೈದು ನಿಮಿಷಕ್ಕೆ ಮೂರು ಭಾಷೆಗಳಲ್ಲಿ ಉಲಿಯಿತು. ತಂಗಿಯ ಮಣ್ಣಿಗೆ ಪುಣೆಗೆ ಹೊರಟಿದ್ದ ಒಬ್ಬಾತ ಪೊಲೀಸರಿಂದ ಪೊಲೀಸರಿಗೆ ಅದೊಂದೇ ಪ್ರಶ್ನೆ ಕೇಳುತ್ತ ನಡೆದು, ಕೊನೆಗೆ ಪ್ರಶ್ನೆಯನ್ನು ಬಿಟ್ಟು ಸೂಟ್‌ಕೇಸಿನ ಮೇಲೆ ಕುಳಿತ. ಮಗುವಿಗೆ ಹಾಲು ಕಲಸಲು ಬಿಸಿನೀರು ಕೇಳಿದ ಹೆಂಗಸಿಗೆ ಒಳಗೆ ಸಿಗುತ್ತದೆ ಎಂದರು, ಒಳಗೆ ಬಿಡುತ್ತಿರಲಿಲ್ಲ.

ಚಲುವಮ್ಮನವರ ಫೋನು ಬಡಿದುಕೊಂಡಿತು. "ಅವ್ವ, ಚೆಕಿಂಗ್ ನಿಲ್ಸ್‌ಬುಟ್ಟವ್ರೆ. ಬಾಂಬ್ ನೋಡೋರು ಬರ್ಬೇಕಂತೆ, ಮೂರ್ ಗಂಟೆ ಹೊತ್ತು ಇಡೀಬೌದಂತೆ. ನನ್ ಕತೆ ಮುಗೀತು ಕಣವ್ವ." ದಿವ್ಯ ಅಳುತ್ತಿದ್ದಳು. ಅಷ್ಟರಲ್ಲಿ ಪಕ್ಕದ ಡ್ರೈವರೊಬ್ಬ, ಗಂಟು ಹಳದಿ ಬಟ್ಟೆಯದಂತೆ, ಗಿಡದ ಕುಂಡದಲ್ಲಿತ್ತಂತೆ ಎಂದು ಸುದ್ದಿ ತಂದ. ಅಜ್ಮತ್ ಉಲ್ಲಾ ತಿರುಗಿ ಚಲುವಮ್ಮನವರ ಮುಖ ನೋಡಿದರು. ಆ ಹೆಂಗಸು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು.

"ಕೊಬ್ರಿ ಒಳಗೇ ಇತ್ತಾ ಅಕ್ಕ?"

ಅವರು ಹೌದೆಂದು ತಲೆಯಾಡಿಸಿದರು. "ನಾನೇ ಓಗಿ ಏಳ್ತೀನಿ ಕಣಣ್ಣ."

"ನೀವೋದ್ರೆ ಮಗಳೆಸ್ರು ಕೇಳ್ತಾರೆ. ಮಗೀನ ಸಾಲಿಂದ ಈಚ್ಗೆ ಎಳ್ಕಂಡ್ ಬತ್ತಾರೆ, ಮುಗೀತು. ಅವ್ಳು ಪ್ಲೇನಲ್ಲಿ ಕುಂತೆ ಅನ್ನೋಗಂಟ ನೀವು ಕಾರಿಂದ ಇಳೀಬ್ಯಾಡಿ. ನಾನೋಯ್ತೀನಿ."

ವಾರವಾರ ಅನ್ಯಾಯದ ವಿರುದ್ಧ ಕಾಲಂ ತುಂಬಿಸುವ ನಾನು ಆಗ ಆಡಿದ ಮಾತನ್ನೂ ಇಲ್ಲಿ ಬರೆಯಬೇಕು. "ಸಾಬ್ರೆ, ನಿಮ್ಮ ಹೆಸರು ಕೇಳಿದ ಮೇಲೆ ಅವರು ಗಂಟಿನ ವಿಚಾರ ಕೇಳ್ತಾರಾ? ಹೊರಟುಬಿಡೋಣ ನಡೀರಿ" ಎಂದೆ. ನಾನೇ ಹೋಗುತ್ತೇನೆ ಎನ್ನುವುದು ನನಗೆ ಹೊಳೆಯಲಿಲ್ಲ. ಅವರು ಕನ್ನಡಿಯಲ್ಲಿ ನೋಡಿಕೊಂಡು ಕೋಟಿನ ಕಾಲರು ಸರಿಮಾಡಿಕೊಂಡರು. ಎಡಗಾಲು ಎಂದಿಗಿಂತ ಹೆಚ್ಚು ತಡೆಯುತ್ತಿತ್ತು. ಬೀಗದ ಕೈಯನ್ನು ನನ್ನ ಅಂಗೈಗಿಟ್ಟು ಹೊರಟರು.

ಹಗ್ಗದ ತನಕ ನಾನೂ ಹೋದೆ. ಮಾತು ಕೇಳುವಷ್ಟು ಹತ್ತಿರವಿದ್ದೆ.

"ಸಾರ್, ಆ ಗಂಟು ನನ್ ಗಾಡೀಲಿ ಬಂದಿದ್ದು. ಮಡ್ಲಕ್ಕಿ ಅದು. ಅಕ್ಕಿ, ಎರಡಚ್ಚು ಬೆಲ್ಲ, ಅರಿಸಿನದ ಕೊಂಬು, ಎಲೆಅಡಿಕೆ, ಒಂದ್ ಡಜನ್ ಬಳೆ, ರವಿಕೆ ಕಣ, ಕೊಬ್ರಿ ಗಿಟುಕು ಎರಡು. ಬೇರೇನಾರ ಇದ್ರೆ ನನ್ನ ನೇಣ್ಗಾಕಿ."

"ಏನಯ್ಯಾ ನಿನ್ ಹೆಸ್ರು?"

"ಅಜ್ಮತ್ ಉಲ್ಲಾ."

ಅಲ್ಲಿಯವರೆಗೆ ಕುಂಡದ ಕಡೆ ನೋಡುತ್ತಿದ್ದ ಅಧಿಕಾರಿ ಈಗ ಇವರ ಕಡೆ ತಿರುಗಿದ. "ಏಯ್, ಮಡಿಲಕ್ಕಿಗೂ ನಿನಗೂ ಏನೋ ಸಂಬಂಧ?"

"ಬಾಡ್ಗೆ ಸಂಬಂಧ, ಸಾರ್."

ಕೋಟು ಬಿಚ್ಚಿಸಿದರು. ಫೋನು ಕಿತ್ತುಕೊಂಡರು. ಗಂಟು ಯಾರದೆಂದು ಎಷ್ಟು ಕೇಳಿದರೂ, "ಗಾಡಿ ನಂದು, ನನ್ನೇ ಕೇಳಿ" ಎಂಬುದರ ಮುಂದೆ ಅವರು ಒಂದಕ್ಷರ ಹೋಗಲಿಲ್ಲ. ನಾಯಿ ಬಂದು ಮೂಸಿತು. ದಪ್ಪ ಅಂಗಿಯ ಒಬ್ಬ ಬಂದು ಗಂಟು ಬಿಚ್ಚಿದ. ಹೇಳಿದ ಪಟ್ಟಿಯಲ್ಲಿ ಒಂದು ಹೆಚ್ಚಿರಲಿಲ್ಲ, ಒಂದು ಕಡಮೆಯಿರಲಿಲ್ಲ. ಮೂರು ತಾಸು ಹಿಡಿಯುತ್ತದೆಂದಿದ್ದ ಬಾಗಿಲು ಎರಡೂಮುಕ್ಕಾಲಿಗೆಲ್ಲ ತೆರೆಯಿತು. ಜನ ನುಗ್ಗಿದರು. ಪುಣೆಯ ವಿಮಾನ ಅಷ್ಟರಲ್ಲಿ ಹೋಗಿತ್ತು. ಆ ಮನುಷ್ಯ ಸೂಟ್‌ಕೇಸಿನಿಂದ ಏಳಲೇ ಇಲ್ಲ. ಗಂಟಿನ ಮಾಲೀಕ ಸಿಕ್ಕನೆಂದಷ್ಟೇ ತಿಳಿದ ಕೆಲವರು, ಬೆಂಚಿನ ಮೇಲೆ ಕೂರಿಸಿದ್ದ ಅಜ್ಮತ್ ಉಲ್ಲಾ ಅವರನ್ನು ದುರುಗುಟ್ಟಿ ನೋಡುತ್ತ ಒಳಗೆ ಹೋದರು. ಒಬ್ಬ ನಿಂತು ಫೋಟೊ ತೆಗೆದುಕೊಂಡ.

ಮಸ್ಕತ್ತಿನ ವಿಮಾನವೂ ತುಸು ತಡವಾಗಿತ್ತು. ನಾಲ್ಕೂಕಾಲಿಗೆ ದಿವ್ಯ ಫೋನು ಮಾಡಿದಳು. "ಕುಂತ್ಕಂಡೆ ಅವ್ವ, ಬಾಗ್ಲು ಹಾಕ್ತಾವ್ರೆ."

ಚಲುವಮ್ಮ ಫೋನಿಟ್ಟವರೇ ಕಾರಿನಿಂದಿಳಿದು, ನನ್ನನ್ನು ಕೇಳದೆ, ನೆಟ್ಟಗೆ ಹೋಗಿ ಆ ಅಧಿಕಾರಿಯ ಮುಂದೆ ನಿಂತರು. "ಗಂಟಿಟ್ಟೋಳು ನಾನು ಕಣಪ್ಪ. ತಪ್ಪು ನಂದು. ಅವ್ರನ್ಯಾಕೆ ಕೂರುಸ್ಕಂಡಿದ್ದೀರಿ? ನನ್ ಮಗ್ಳು ಓದ್ಲು, ಇನ್ನು ಏನ್ ಬೇಕಾದ್ರೂ ಮಾಡ್ಕಳಿ."

ಅವರಿಗೆ ಕುರ್ಚಿ ಕೊಟ್ಟರು. ನೀರು ಕೊಟ್ಟರು. ಮಡಿಲಕ್ಕಿಯನ್ನು ಎಲ್ಲೆಂದರಲ್ಲಿ ಇಡಬಾರದಮ್ಮ ಎಂದು ನಗುತ್ತ ಬುದ್ಧಿ ಹೇಳಿ, ಒಂದು ಕಾಗದದ ಮೇಲೆ ಹೆಬ್ಬೆಟ್ಟು ಹಾಕಿಸಿ, ಹತ್ತು ನಿಮಿಷದಲ್ಲಿ ಕಳಿಸಿಕೊಟ್ಟರು. ಇಟ್ಟವರು ಇವರೆಂದು ಗೊತ್ತಾದ ಮೇಲೂ ಇಡದವರನ್ನು ಬಿಡಲಿಲ್ಲ. ಕಾರಿನ ಸೀಟು ಕಿತ್ತು ನೋಡಿದರು, ಕೆ.ಆರ್. ಪೇಟೆಯ ಠಾಣೆಗೆ ಫೋನು ಮಾಡಿದರು, ಅವರ ಮಗಳು ಮುಬೀನಾ ಓದುವ ಕಾಲೇಜು ಯಾವುದೆಂದು ಬರೆದುಕೊಂಡರು. ಬಿಟ್ಟಾಗ ಏಳು ಗಂಟೆ. ಕೋಟು ಹಿಂದಕ್ಕೆ ಬಂತು. ಒಂದು ತೋಳಿನ ಒಳಬಟ್ಟೆಯನ್ನು ಬ್ಲೇಡಿನಿಂದ ಸೀಳಿದ್ದರು. ಒಂದೇ ಗಂಟಿಗೆ, ಒಂದೇ ಮಧ್ಯಾಹ್ನ, ಒಬ್ಬರಿಗೆ ಹತ್ತು ನಿಮಿಷ, ಇನ್ನೊಬ್ಬರಿಗೆ ಐದು ಗಂಟೆ. ಇದಕ್ಕೂ ಭದ್ರತೆಯೆಂದೇ ಹೆಸರು.

ಹಿಂದಿರುಗುವಾಗ ಕುಣಿಗಲ್ಲಿನ ಹತ್ತಿರ, ಹಿಂದಿನ ಸೀಟಿನಲ್ಲಿ ಚಲುವಮ್ಮ ಬಿಕ್ಕುವುದು ಕೇಳಿ ಅಜ್ಮತ್ ಉಲ್ಲಾ, "ಯಾಕಕ್ಕ ಅಳ್ತೀರಿ? ಕೊಬ್ರಿ ಚೆನ್ನಾಗಿತ್ತಂತೆ. ಪೊಲೀಸ್ನೋರು ಏಳಿದ್ರು" ಎಂದರು. ಚಲುವಮ್ಮ ಅಳುತ್ತಲೇ ನಕ್ಕರು. ಆಮೇಲೆ ನಾನು ಕೇಳಿದೆ, ಹೋಗಲೇಬೇಕು ಎಂದು ಅನ್ನಿಸಿದ್ದು ಯಾವುದರಿಂದ ಎಂದು. ಅವರು ದೊಡ್ಡ ಉತ್ತರ ಹುಡುಕಲಿಲ್ಲ. "ಗಂಟೊಳ್ಗೆ ಏನೈತೆ ಅಂತ ಅಲ್ಲಿ ಗೊತ್ತಿದ್ದೋರು ನಾವ್ ಮೂರೇ ಜನ ಅಲ್ವಾ? ಗೊತ್ತಿದ್ಕಂಡು ಎಂಗೆ ಗಾಡಿ ಸ್ಟಾರ್ಟ್ ಮಾಡದು?" ಎಂದರು.

ಇಂಥವರನ್ನು ಧೀರರೆಂದು ಕರೆಯಲು ನನಗೆ ಮನಸ್ಸಿಲ್ಲ; ಹಾಗೆ ಕರೆದು ಹಾರ ಹಾಕಿಬಿಟ್ಟರೆ ನಮ್ಮ ಕೆಲಸ ಹಗುರವಾಗುತ್ತದೆ. ಇವರೂ ನಮ್ಮಷ್ಟೇ ಹೆದರುತ್ತಾರೆ, ಹೆದರಲು ನಮಗಿಂತ ಹೆಚ್ಚು ಕಾರಣಗಳನ್ನು ಹೊತ್ತಿರುತ್ತಾರೆ. ನಿಜ ಹೇಳುವುದಕ್ಕೆ ತಾವು ತೆರಬೇಕಾದ ಬೆಲೆ ಪಕ್ಕದಲ್ಲಿ ನಿಂತವನದಕ್ಕಿಂತ ನೂರುಪಟ್ಟು ಎಂಬುದು ಇವರಿಗೆ ಚಿಕ್ಕಂದಿನಿಂದ ಗೊತ್ತು. ಆದರೂ ಗೊತ್ತಿರುವುದನ್ನು ಗೊತ್ತಿಲ್ಲವೆಂದು ನಟಿಸಿ ಮನೆಗೆ ಹೋಗುವ ವಿದ್ಯೆ, ಓದಿದ ನಮಗೆಲ್ಲ ಕರಗತವಾದ ಆ ವಿದ್ಯೆ, ಇವರಿಗೆ ಹತ್ತಲೇ ಇಲ್ಲ. ಮುಚ್ಚಿದ ಬಾಗಿಲುಗಳು ಈ ದೇಶದಲ್ಲಿ ತಾವಾಗಿ ತೆರೆಯುವುದಿಲ್ಲ. ಎಲ್ಲೋ ಒಬ್ಬರು ಬೆಂಚಿನ ಮೇಲೆ ಅಪರಾಧಿಯಂತೆ ಕುಳಿತಿರುತ್ತಾರೆ, ಮತ್ತು ಒಳಗೆ ನುಗ್ಗುವವರು ಅವರನ್ನು ದುರುಗುಟ್ಟಿ ನೋಡಿ ಮುಂದೆ ಹೋಗುತ್ತಾರೆ.