ಹೆಸರಿಲ್ಲದ ಹುಯಿಲು

"ಹೆಸರು ಹೇಳ್ಬೇಕು ತ್ಯಾಂಪಣ್ಣ. ಹೆಸರಿಲ್ಲದೆ ಹುಯಿಲು ಕೊಡ್ಲಿಕ್ಕೆ ಆಗುದಿಲ್ಲ," ಎಂದರು ಪೂಜೆಯ ಸೀನಣ್ಣ, ದೈವದ ಮಣೆಯ ಮುಂದೆ ಬಾಳೆಲೆ ಹಾಸುತ್ತ.

"ಹೆಸರು ಉಂಟು. ಇಡೀ ಪ್ರಪಂಚಕ್ಕೇ ಗೊತ್ತುಂಟು." ತ್ಯಾಂಪಣ್ಣ ಆ ದೇಶದ ಹೆಸರನ್ನು ಗಟ್ಟಿಯಾಗಿಯೇ ಹೇಳಿದ.

ಗಡಿಕಲ್ಲು ಸರಿಸಿದವರ, ಕೋಳಿ ಕದ್ದವರ ಮೇಲೆ ಎಷ್ಟೋ ಹುಯಿಲು, ದೂರುಗಳನ್ನು ಸೀನಣ್ಣ ದೈವಕ್ಕೆ ಮುಟ್ಟಿಸಿದ್ದರು. ಕ್ಷಿಪಣಿ, ಯುದ್ಧವಿಮಾನ ಎಲ್ಲ ಇರುವ ಒಂದು ದೇಶದ ಮೇಲೆ ದೂರು ಬಂದದ್ದು ಇದೇ ಮೊದಲು. ಆದರೂ ಅವರು ನಗಲಿಲ್ಲ. ಹೊಡೆಸಿಕೊಂಡ ಹುಡುಗ ಕಣ್ಣೆದುರೇ ನಿಂತಿರುವಾಗ ನಗುವುದಾದರೂ ಹೇಗೆ?

"ಕಂಡವರು ಯಾರು?"

"ಇವನೇ. ನನ್ನ ಮಗ."

ದಿಶಾಂತ್ ತಲೆ ತಗ್ಗಿಸಿದ. ಸರಕಿನ ಹಡಗೊಂದರಲ್ಲಿ ಅವನು ಅಡುಗೆ ಕೆಲಸಕ್ಕಿದ್ದ. ಹೋದ ವರ್ಷ ನಡು ಸಮುದ್ರದಲ್ಲಿ ಆ ಹಡಗಿನ ಮೇಲೆ ಡ್ರೋನ್ ಬಂದು ಬಿತ್ತು. ಜೀವ ಉಳಿಯಿತು, ಎಡಗಿವಿ ಮಾತ್ರ ಪೂರ್ತಿ ಹೋಯಿತು. ದಿನಾ ಟಿವಿಯಲ್ಲಿ ಜಗಳವಾಡುವ ಆ ಎರಡು ದೇಶಗಳೂ ನಾವಲ್ಲ, ಅವರು ಎಂದವು. ಇಬ್ಬರೂ ಒಂದೊಂದು ವಿಡಿಯೋ ತೋರಿಸಿದರು. ತ್ಯಾಂಪಣ್ಣ ಜಾಲ್ಸೂರಿನ ತನ್ನ ಹೋಟೆಲಿನಲ್ಲಿ ಎರಡನ್ನೂ ನೋಡಿದ, ಒಂದನ್ನು ನಂಬಿದ.

ನಂಬಿ ತನ್ನ ಪಾಡಿಗೆ ಇದ್ದಿದ್ದರೆ ತೊಂದರೆ ಇರಲಿಲ್ಲ. ಹೋಟೆಲಿಗೆ ಮೊದಲಿಂದಲೂ ಮೀನು ಕೊಡುತ್ತಿದ್ದವನು ಮಮ್ಮು. ಬರೇ ಮೀನಿನ ಸಂಬಂಧವಲ್ಲ ಅದು. ಚಿಕ್ಕವನಿದ್ದಾಗ ಮುಳ್ಳಿಗೆ ಹೆದರಿ ಮೀನೇ ಮುಟ್ಟದ ದಿಶಾಂತನಿಗೆ ಮುಳ್ಳು ಬಿಡಿಸಿ ತಿನ್ನಿಸಿದವನೂ ಅವನೇ. ಆ ಮಮ್ಮು ಒಂದು ದಿನ ಚಹಾ ಕುಡಿಯುತ್ತ, "ಅವರೇ ಹೊಡೆದದ್ದು ಅಂತ ಎಂತ ಸಾಕ್ಷಿ ಉಂಟು ಮಾರಾಯ?" ಎಂದುಬಿಟ್ಟ. ತ್ಯಾಂಪಣ್ಣನಿಗೆ ಮೈಯೆಲ್ಲ ಉರಿಯಿತು. "ನನ್ನ ಮಗ ಆಸ್ಪತ್ರೆಯಲ್ಲಿ ಬಿದ್ದಿದ್ದಾನೆ, ನಿನಗೆ ಸಾಕ್ಷಿ ಬೇಕಾ? ನಿನಗೆ ನಿನ್ನ ಮತದವರೇ ದೊಡ್ಡದು!" ಎಂದ. ಮಮ್ಮು ಅರ್ಧ ಚಹಾ ಬಿಟ್ಟು ಎದ್ದುಹೋದ. ಅಂದಿನಿಂದ ಮೀನೂ ಇಲ್ಲ, ಮಾತೂ ಇಲ್ಲ. ದಿಶಾಂತ್ ಊರಿಗೆ ಬಂದಾಗಲೂ ಅವನು ಈ ಕಡೆ ತಲೆ ಹಾಕಲಿಲ್ಲ.

ನನ್ನ ಮಗ ಕಣ್ಣಾರೆ ಕಂಡಿದ್ದಾನೆ ಎಂದು ತ್ಯಾಂಪಣ್ಣ ಪೇಟೆಯಲ್ಲಿ ಎಲ್ಲರಿಗೂ ಹೇಳಿದ್ದ. ಮಗನನ್ನು ಮಾತ್ರ ಒಂದು ದಿನವೂ ಕೇಳಿರಲಿಲ್ಲ. ಆ ಸುದ್ದಿ ತೆಗೆದರೆ ಹುಡುಗ ಎಲ್ಲಿ ಕುಸಿಯುತ್ತಾನೋ ಎಂಬ ಹೆದರಿಕೆ ಅವನಿಗೆ. ಇವತ್ತು ದೈವದ ಮುಂದೆ ಹೇಳಿಬಿಟ್ಟರೆ ಮುಗಿಯಿತು, ಮಮ್ಮುವಿನ ಬಾಯಿಯೂ ಮುಚ್ಚುತ್ತದೆ ಎಂದುಕೊಂಡಿದ್ದ.

"ಮಣೆ ಮುಟ್ಟಿ ಕಂಡದ್ದನ್ನು ಹೇಳು ಮಗಾ," ಎಂದರು ಸೀನಣ್ಣ. "ಕಾಣದ್ದನ್ನು ಹೇಳ್ಬೇಡ. ಸುಳ್ಳಾದ್ರೆ ಅದು ನಿಮ್ಮ ಮನೆಗೇ ತಿರುಗ್ತದೆ."

ದಿಶಾಂತ್ ಮಣೆಯ ಮೇಲೆ ಕೈಯಿಟ್ಟ. ತ್ಯಾಂಪಣ್ಣ ಅವನ ಬಲಗಿವಿಯ ಹತ್ತಿರ ಬಾಗಿ, "ಹೆಸರು ಒಂದು ಹೇಳು ಸಾಕು. ಬಾಕಿದ್ದು ನಾನು ಹೇಳ್ತೇನೆ," ಎಂದ.

"ಅಪ್ಪ, ನಾನು ನೋಡ್ಲಿಲ್ಲ."

"ಎಂತ?"

"ನೀರುಳ್ಳಿ ಕೊಯ್ತಾ ಇದ್ದೆ. ಕಣ್ಣಲ್ಲಿ ನೀರು. ಒಂದು ಬೆಳಕು ಬಂತು, ಅಷ್ಟೇ. ಎಲ್ಲಿಂದ ಬಂತು, ಯಾರು ಬಿಟ್ಟದ್ದು, ಎಂತದೂ ಗೊತ್ತಿಲ್ಲ ನನಗೆ. ನೀವು ಎಲ್ಲರ ಹತ್ರ ಹೇಳುವಾಗ ಇಲ್ಲ ಅಂತ ಹೇಳ್ಲಿಕ್ಕೆ ಧೈರ್ಯ ಬರ್ಲಿಲ್ಲ."

ಪೇಟೆಯಲ್ಲಿ ಇನ್ನು ಮುಖ ತೋರಿಸುವುದು ಹೇಗೆ ಎಂಬುದು ತ್ಯಾಂಪಣ್ಣನಿಗೆ ಮೊದಲು ಬಂದ ಯೋಚನೆ. ಹುಡುಗ ಕೈ ತೆಗೆದಿರಲಿಲ್ಲ.

"ಮತ್ತೆ ಯಾರೋ ನನ್ನ ಬನಿಯನ್ ಹಿಡಿದು ಎಳೆದ್ರು," ಎಂದ. "ಹೊಗೆಯಲ್ಲಿ ಮುಖ ಕಾಣ್ಲಿಲ್ಲ. ಕೈ ಮಾತ್ರ ಕಂಡದ್ದು, ಸುಟ್ಟುಹೋಗಿತ್ತು. ಆದ್ರೂ ಬಿಡ್ಲಿಲ್ಲ. ನಮ್ಮ ಹಡಗಲ್ಲಿ ಆ ದೇಶದವರೂ ಇದ್ರು, ಈ ದೇಶದವರೂ ಇದ್ರು ಅಪ್ಪ. ಯಾರ ಕೈ ಅಂತ ಈಗ್ಲೂ ಗೊತ್ತಿಲ್ಲ."

ತ್ಯಾಂಪಣ್ಣ ಮಗನನ್ನೇ ನೋಡಿದ. ಇಷ್ಟು ದಿನ ಟಿವಿ ನೋಡುವ ಭರದಲ್ಲಿ ಈ ಮುಖವನ್ನು ಸರಿಯಾಗಿ ನೋಡಿಯೇ ಇರಲಿಲ್ಲ ಅನಿಸಿತು. ಆ ಕೈ ಬಿಟ್ಟಿದ್ದರೆ ಇವತ್ತು ಇವನು ಇಲ್ಲಿ ನಿಂತಿರುತ್ತಿರಲಿಲ್ಲ.

"ಸೀನಣ್ಣ, ಹುಯಿಲು ಬೇಡ. ಆ ಕೈಗೆ ಒಳ್ಳೇದು ಮಾಡ್ಲಿ ಅಂತ ಅರಿಕೆ ಮಾಡಿ. ಅದಕ್ಕೂ ಹೆಸರು ಬೇಕಾ?"

"ಅದಕ್ಕೆ ಬೇಡ," ಎನ್ನುತ್ತ ಸೀನಣ್ಣ ತೆಂಗಿನಕಾಯಿ ಕೈಗೆತ್ತಿಕೊಂಡರು.

ವಾಪಸು ಬರುವಾಗ ಜಾಲ್ಸೂರು ಪೇಟೆಯಲ್ಲಿ ದೊಡ್ಡ ಕೊಡೆಯ ಕೆಳಗೆ ಮಮ್ಮು ಮೀನಿಟ್ಟುಕೊಂಡು ಕೂತಿದ್ದ. ತ್ಯಾಂಪಣ್ಣ ಸ್ಕೂಟರ್ ನಿಲ್ಲಿಸಿದ. ಏನೇನೋ ಹೇಳಬೇಕೆಂದು ಬಂದವನ ಬಾಯಲ್ಲಿ, "ಬಂಗುಡೆ ಉಂಟಾ?" ಎಂದಷ್ಟೇ ಬಂತು.

ಮಮ್ಮು ಅವನ ಕಡೆ ನೋಡಲಿಲ್ಲ. ಹಿಂದೆ ಕೂತ ದಿಶಾಂತನನ್ನು ಕಂಡದ್ದೇ ಎದ್ದು ಬಂದು, ಸ್ಕೂಟರಿನ ಎಡಕ್ಕೆ ನಿಂತ.

"ಹೇಗಿದ್ದೀ ಮಗಾ?"

ದಿಶಾಂತ್ ರಸ್ತೆಯ ಆಚೆ ಬದಿಗೆ ನಿಂತ ಕಾಸರಗೋಡು ಬಸ್ಸನ್ನು ನೋಡುತ್ತಿದ್ದ. ತಿರುಗಲಿಲ್ಲ. ಮಮ್ಮುವಿನ ಮುಖ ಬಾಡಿತು. ಹುಡುಗನಿಗೂ ನಾನು ಬೇಡವಾದೆ ಎಂದುಕೊಂಡನೋ ಏನೋ, ಮೆಲ್ಲಗೆ ಹಿಂದೆ ಸರಿದ.

"ಈ ಬದಿಗೆ ಬಾ ಮಾರಾಯ," ಎಂದ ತ್ಯಾಂಪಣ್ಣ. "ಆ ಕಿವಿ ಕೇಳುದಿಲ್ಲ ಅವನಿಗೆ."

ಮಮ್ಮು ಕೈಯನ್ನು ಲುಂಗಿಗೆ ಒರಸಿಕೊಂಡ. ಸ್ಕೂಟರಿಗೆ ಸುತ್ತು ಹಾಕಿ, ದಿಶಾಂತನ ಬಲಗಡೆ ಬಂದು ನಿಂತು, ಇನ್ನೊಮ್ಮೆ ಕೇಳಿದ.